ಕ್ಲೌಡ್ ಎಐ ವೇದಿಕೆಗಳ ಸ್ಥಳಾಂತರ

ಕ್ಲೌಡ್ ಕಂಪನಿಯೊಂದು ತನ್ನ ಹಳೆಯ ಮೆಷಿನ್ ಲರ್ನಿಂಗ್ ವೇದಿಕೆಯನ್ನು ನಿಲ್ಲಿಸಿ ಹೊಸದನ್ನು ತಂದಾಗ, ಹಳೆಯದರಲ್ಲಿ ಕಟ್ಟಿಕೊಂಡಿದ್ದ ದತ್ತಾಂಶ, ತರಬೇತಿಯ ಕ್ರಮ, ಮಾಡೆಲ್ ಮತ್ತು ಅವನ್ನು ನೆಚ್ಚಿ ನಡೆಯುತ್ತಿರುವ ಸೇವೆಗಳನ್ನು ಹೊಸದಕ್ಕೆ ಒಯ್ಯುವ ಕೆಲಸವೇ ವೇದಿಕೆ ಸ್ಥಳಾಂತರ. ಕಚೇರಿಗಳಲ್ಲಿ ಇದನ್ನು ಮೈಗ್ರೇಷನ್ ಎನ್ನುವುದು ರೂಢಿ. ಮೈಕ್ರೋಸಾಫ್ಟ್‌ನ ಅಜೂರ್ ಮೆಷಿನ್ ಲರ್ನಿಂಗ್ ಸ್ಟುಡಿಯೋ ಕ್ಲಾಸಿಕ್ 2024ರ ಆಗಸ್ಟ್ 31ರಂದು ಕೊನೆಗೊಂಡಿತು. ಗೂಗಲ್‌ನ ಎಐ ಪ್ಲಾಟ್‌ಫಾರ್ಮ್‌ನಲ್ಲಿ ಮಾಡೆಲ್ ತರಬೇತಿಗೂ ಪ್ರೆಡಿಕ್ಷನ್‌ಗೂ ಇದ್ದ ಸೇವೆಗಳಿಗೆ 2025ರ ಜನವರಿ 31 ಕಡೆಯ ದಿನವಾಯಿತು. ಎರಡೂ ಕಂಪನಿಗಳು ವರ್ಷಗಳ ಮೊದಲೇ ಸೂಚನೆ ಕೊಟ್ಟಿದ್ದವು, ವಿವರವಾದ ಕೈಪಿಡಿಗಳನ್ನೂ ಬರೆದಿದ್ದವು. ಆದರೂ ಬಳಕೆದಾರರ ಮೇಲೆ ಬಿದ್ದ ಹೊರೆ ಎರಡು ಕಡೆ ಒಂದೇ ಆಗಿರಲಿಲ್ಲ. ಗೂಗಲ್‌ನಲ್ಲಿ ತರಬೇತಿ ಮುಗಿದ ಮಾಡೆಲ್ ಬಳಕೆದಾರರ ಸ್ವಂತ ಸಂಗ್ರಹದಲ್ಲಿ ಕಡತವಾಗಿ ಉಳಿದಿತ್ತು. ಸ್ಟುಡಿಯೋ ಕ್ಲಾಸಿಕ್‌ನಲ್ಲಿ ಅದು ವೇದಿಕೆಯ ಒಳಗೇ ಇತ್ತು, ಹೊರಗೆ ಎಲ್ಲೂ ತೆರೆಯುತ್ತಿರಲಿಲ್ಲ. ಸ್ಥಳಾಂತರ ಎಷ್ಟು ಕಷ್ಟ, ಎಷ್ಟು ದುಬಾರಿ ಎನ್ನುವುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಈ ಒಂದು ವ್ಯತ್ಯಾಸ.

ಮೊದಲ ತಲೆಮಾರಿನ ವೇದಿಕೆಗಳು

ಮೈಕ್ರೋಸಾಫ್ಟ್ ತನ್ನ ಅಜೂರ್ ಮೆಷಿನ್ ಲರ್ನಿಂಗ್ ಸೇವೆಯನ್ನು 2014ರ ಜುಲೈನಲ್ಲಿ ಪರೀಕ್ಷಾರ್ಥವಾಗಿ ತೆರೆಯಿತು, 2015ರ ಫೆಬ್ರವರಿಯಲ್ಲಿ ಪೂರ್ಣವಾಗಿ ಬಿಡುಗಡೆ ಮಾಡಿತು. ಅಮೆಜಾನ್ ಬಿಟ್ಟು ಮೈಕ್ರೋಸಾಫ್ಟ್ ಸೇರಿದ್ದ ಜೋಸೆಫ್ ಸಿರೋಶ್ ಆ ತಂಡದ ಮುಂದಾಳಾಗಿದ್ದರು. ಅಮೆಜಾನ್ ಕೂಡ ಸುಮ್ಮನಿರದೆ 2015ರ ಏಪ್ರಿಲ್‌ನಲ್ಲಿ ಅಮೆಜಾನ್ ಮೆಷಿನ್ ಲರ್ನಿಂಗ್ ಎಂಬ ಸೇವೆಯನ್ನು ತಂದಿತು. ಗೂಗಲ್ 2016ರ ಮಾರ್ಚ್‌ನಲ್ಲಿ ಕ್ಲೌಡ್ ಮೆಷಿನ್ ಲರ್ನಿಂಗ್ ಅನ್ನು ಪ್ರಕಟಿಸಿತು. ಅದು 2017ರಲ್ಲಿ ಕ್ಲೌಡ್ ಎಂಎಲ್ ಎಂಜಿನ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಸಿಕ್ಕಿತು, 2019ರ ಏಪ್ರಿಲ್‌ನಲ್ಲಿ ಎಐ ಪ್ಲಾಟ್‌ಫಾರ್ಮ್ ಆಯಿತು.

ಇವುಗಳಲ್ಲಿ ಜನಸಾಮಾನ್ಯರಿಗೆ ಹೆಚ್ಚು ಹತ್ತಿರವಾದದ್ದು ಮೈಕ್ರೋಸಾಫ್ಟ್‌ನ ಸ್ಟುಡಿಯೋ, ಮುಂದೆ ಸ್ಟುಡಿಯೋ ಕ್ಲಾಸಿಕ್ ಎನಿಸಿಕೊಂಡದ್ದು. ಕೋಡ್ ಬರೆಯಲು ಬಾರದವರೂ ಬ್ರೌಸರ್‌ನಲ್ಲೇ ಮಾಡೆಲ್ ಕಟ್ಟಬಹುದಿತ್ತು. ಎಡಗಡೆಯ ಪಟ್ಟಿಯಿಂದ ಚೌಕಾಕಾರದ ಮಾಡ್ಯೂಲ್‌ಗಳನ್ನು ಎಳೆದು ನಡುವಿನ ಖಾಲಿ ಹಾಳೆಯ ಮೇಲೆ ಬಿಡುವುದು, ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆಯುವುದು, ಕೆಳಗಿನ ರನ್ ಗುಂಡಿ ಒತ್ತುವುದು, ಇಷ್ಟೇ ಕೆಲಸ. ದತ್ತಾಂಶದ ಚೌಕ, ಬೇಕಾದ ಕಾಲಂಗಳನ್ನು ಆರಿಸುವ ಚೌಕ, ದತ್ತಾಂಶವನ್ನು ಎರಡು ಪಾಲು ಮಾಡುವ ಚೌಕ, ತರಬೇತಿಯ ಚೌಕ, ಅಂಕ ಕೊಡುವ ಚೌಕ, ಮೌಲ್ಯಮಾಪನದ ಚೌಕ ಎಂದು ಅವು ಸಾಲಾಗಿ ನಿಲ್ಲುತ್ತಿದ್ದವು. ಮೈಕ್ರೋಸಾಫ್ಟ್ ಖಾತೆಯೊಂದಿದ್ದರೆ ಸಾಕು, ಕ್ರೆಡಿಟ್ ಕಾರ್ಡ್ ಇಲ್ಲದೆ ಉಚಿತ ಜಾಗ ಸಿಗುತ್ತಿತ್ತು. ಕೊನೆಗೆ ಒಂದು ಗುಂಡಿ ಒತ್ತಿದರೆ ಆ ಇಡೀ ಚಿತ್ರವೇ ವೆಬ್ ಸೇವೆಯಾಗಿ, ವಿಳಾಸವೂ ಕೀಲಿಯೂ ಕೈಗೆ ಬರುತ್ತಿದ್ದವು. ವಿದ್ಯಾರ್ಥಿಗಳಿಗೆ, ಅಂಕಿಸಂಖ್ಯೆಯ ಅಧಿಕಾರಿಗಳಿಗೆ, ಸಣ್ಣ ಕಂಪನಿಗಳಿಗೆ ಮೆಷಿನ್ ಲರ್ನಿಂಗ್ ಬಾಗಿಲನ್ನು ತೆರೆದ ಸಾಧನ ಇದು. ಇದರ ಕೊನೆಯ ಕಥೆಯನ್ನು ಹೇಳುವಾಗ ಈ ಋಣವನ್ನು ಮರೆಯಬಾರದು.

ಈ ಅನುಕೂಲಗಳ ಜೊತೆಗೇ ಕಟ್ಟುಪಾಡುಗಳೂ ಇದ್ದವು. ತರಬೇತಿಯ ದತ್ತಾಂಶ 10 ಜಿಬಿ ಮೀರುವಂತಿರಲಿಲ್ಲ. ಲೆಕ್ಕವೆಲ್ಲ ಸಿಪಿಯು ಮೇಲೆಯೇ ನಡೆಯಬೇಕಿತ್ತು, ಜಿಪಿಯು ಬಳಸುವ ದಾರಿ ಇರಲಿಲ್ಲ. ಮಾಡೆಲ್ ಉಳಿಯುತ್ತಿದ್ದ ಕಡತದ ರೂಪ ಕಂಪನಿಯ ಸ್ವಂತದ್ದು, ಸ್ಟುಡಿಯೋ ಒಳಗೆ ಮಾತ್ರ ಕೆಲಸ ಮಾಡುವಂಥದ್ದು. 2015ರಲ್ಲಿ ಇದು ಯಾರನ್ನೂ ಹೆಚ್ಚು ಕಾಡಲಿಲ್ಲ. ಚಿತ್ರಗಳನ್ನೂ ಭಾಷೆಯನ್ನೂ ಗುರುತಿಸುವ ಡೀಪ್ ಲರ್ನಿಂಗ್ ಮುಂದಿನ ಎರಡು ಮೂರು ವರ್ಷಗಳಲ್ಲಿ ಮುನ್ನೆಲೆಗೆ ಬಂದಾಗ, ಜಿಪಿಯು ಇಲ್ಲದ ವೇದಿಕೆ ಹಿಂದೆ ಬಿತ್ತು.

ಮೈಕ್ರೋಸಾಫ್ಟ್ ತೆಗೆದುಕೊಂಡ ದಾರಿ

ಉತ್ತರಾಧಿಕಾರಿ ಒಂದೇ ಬಾರಿಗೆ ಹುಟ್ಟಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಕಂಪನಿ ಕೋಡ್ ಬರೆಯುವವರಿಗಾಗಿ ಹೊಸ ಸೇವೆಗಳನ್ನೂ ವರ್ಕ್‌ಬೆಂಚ್ ಎಂಬ ಡೆಸ್ಕ್‌ಟಾಪ್ ತಂತ್ರಾಂಶವನ್ನೂ ಹೊರತಂದಿತು. ವರ್ಷ ತುಂಬುವ ಹೊತ್ತಿಗೆ ವರ್ಕ್‌ಬೆಂಚನ್ನು ಕೈಬಿಡುವುದಾಗಿ ಹೇಳಿತು. 2018ರ ಡಿಸೆಂಬರ್‌ನಲ್ಲಿ ಈಗಿನ ಅಜೂರ್ ಮೆಷಿನ್ ಲರ್ನಿಂಗ್ ಪೂರ್ಣ ಬಿಡುಗಡೆಯಾಯಿತು, 2019ರಲ್ಲಿ ಅದಕ್ಕೆ ಎಳೆದು ಬಿಡುವ ಚಿತ್ರಫಲಕ ಸೇರಿ ಮುಂದೆ ಡಿಸೈನರ್ ಎನಿಸಿಕೊಂಡಿತು. ಹೊಸತು ಬಂದ ಕೂಡಲೇ ಓಡಿ ವರ್ಕ್‌ಬೆಂಚ್ ಹಿಡಿದವರು ಹೀಗೆ ಎರಡು ಸಲ ಜಾಗ ಬದಲಿಸಬೇಕಾಯಿತು. ಹಳೆಯ ಸ್ಟುಡಿಯೋದಲ್ಲೇ ಕೂತವರು ಒಂದೇ ಸಲ. ಹೊಸ ವೇದಿಕೆಯ ರೂಪ ನಿಲ್ಲುವವರೆಗೆ ಕಾಯುವುದು ಸೋಮಾರಿತನವಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಹಳೆಯ ಸ್ಟುಡಿಯೋ ಮುಚ್ಚುವ ಸೂಚನೆ 2021ರಲ್ಲಿ ಬಂತು. ಆ ವರ್ಷದ ಡಿಸೆಂಬರ್ 1ರಿಂದ ಹೊಸ ಖಾತೆ ಜಾಗಗಳನ್ನೂ ವೆಬ್ ಸೇವೆಯ ಯೋಜನೆಗಳನ್ನೂ ತೆರೆಯುವಂತಿರಲಿಲ್ಲ. ಇದ್ದವು 2024ರ ಆಗಸ್ಟ್ 31ರವರೆಗೆ ನಡೆಯುತ್ತಿದ್ದವು. ಹೆಚ್ಚುಕಡಿಮೆ ಮೂರು ವರ್ಷದ ಅವಕಾಶ ಉದಾರವಾದದ್ದೇ. ಆದರೆ ಹಳೆಯದನ್ನು ಹೊಸದಕ್ಕೆ ತಾನಾಗಿ ಸಾಗಿಸುವ ಸಾಧನವೊಂದು ಇರಲಿಲ್ಲ. ದತ್ತಾಂಶವನ್ನು ಇಳಿಸಿಕೊಳ್ಳಬೇಕು, ಬೇರೆ ರೂಪದಲ್ಲಿದ್ದರೆ ಮೊದಲು ಸಿಎಸ್‌ವಿ ಮಾಡಿಕೊಳ್ಳಬೇಕು, ಹೊಸ ವೇದಿಕೆಗೆ ಏರಿಸಿ ನೋಂದಾಯಿಸಬೇಕು. ಚೌಕ ಗೆರೆಗಳ ಚಿತ್ರವನ್ನು ಡಿಸೈನರ್‌ನಲ್ಲಿ ಕೈಯಿಂದಲೇ ಮತ್ತೆ ಕಟ್ಟಬೇಕು. ಮಾಡೆಲ್‌ಗೆ ಮತ್ತೆ ತರಬೇತಿ ಕೊಡಬೇಕು. ತರಬೇತಿಗೆ ಬಳಸಿದ ಮೂಲ ದತ್ತಾಂಶವನ್ನು ಜಾಗ ಉಳಿಸಲು ಅಳಿಸಿ, ಮಾಡೆಲ್ ಮಾತ್ರ ಇಟ್ಟುಕೊಂಡವರ ಪಾಲಿಗೆ ಈ ದಾರಿಯೇ ಮುಚ್ಚಿತ್ತು.

ಅಂಕಗಳು ಬದಲಾಗುವ ಬಗೆ

ಎಲ್ಲಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದು. ಹಳೆಯ ಸ್ಟುಡಿಯೋದ ಮಾಡ್ಯೂಲ್‌ಗಳ ಒಳಗಿದ್ದದ್ದು ಮೈಕ್ರೋಸಾಫ್ಟ್ ಸಿ ಶಾರ್ಪ್ ಭಾಷೆಯಲ್ಲಿ ಬರೆದುಕೊಂಡ ಕೋಡ್. ಡಿಸೈನರ್‌ನಲ್ಲಿ ಅದೇ ಹೆಸರಿನ ಚೌಕದ ಒಳಗೆ ಮುಕ್ತ ಆಕರದ ಪೈಥಾನ್ ಪ್ಯಾಕೇಜ್‌ಗಳಿವೆ. ಎರಡು ಕಡೆಯ ಫಲಿತಾಂಶ ಸ್ವಲ್ಪ ಬೇರೆಯಾಗಬಹುದು ಎಂದು ಕಂಪನಿಯ ಕೈಪಿಡಿಯೇ ಎಚ್ಚರಿಸುತ್ತಿತ್ತು. ಹೆಸರು ಒಂದೇ, ಗಣಿತದ ತತ್ವ ಒಂದೇ, ಆದರೆ ಮರದ ಕೊಂಬೆಯನ್ನು ಎಲ್ಲಿ ಸೀಳಬೇಕು, ಖಾಲಿ ಬಿಟ್ಟ ಮೌಲ್ಯವನ್ನು ಹೇಗೆ ತುಂಬಬೇಕು, ಯಾದೃಚ್ಛಿಕ ಸಂಖ್ಯೆ ಎಲ್ಲಿಂದ ಶುರುವಾಗಬೇಕು ಎಂಬ ನೂರು ಸಣ್ಣ ತೀರ್ಮಾನಗಳು ಎರಡು ಕಡೆ ಬೇರೆ ಬೇರೆ.

ಸಾಲ ಮರುಪಾವತಿಯಾಗುತ್ತದೆಯೇ ಎಂದು ಅಂದಾಜಿಸುವ ಮಾಡೆಲ್ ಒಂದನ್ನು ಊಹಿಸಿಕೊಂಡರೆ ಇದರ ಅರ್ಥ ಸ್ಪಷ್ಟವಾಗುತ್ತದೆ. ಅರ್ಜಿದಾರರಿಗೆ ಸೊನ್ನೆಯಿಂದ ಒಂದರವರೆಗೆ ಅಂಕ ಬರುತ್ತದೆ, 0.5 ದಾಟಿದವರ ಅರ್ಜಿ ಮುಂದಕ್ಕೆ ಹೋಗುತ್ತದೆ. ಹಳೆಯ ವೇದಿಕೆಯಲ್ಲಿ ಒಬ್ಬ ರೈತನಿಗೆ 0.512 ಬಂದಿತ್ತು, ಹೊಸದರಲ್ಲಿ 0.497 ಬಂತು ಎನ್ನೋಣ. ಒಟ್ಟು ನಿಖರತೆಯ ಪ್ರಮಾಣ ಎರಡರಲ್ಲೂ ಸಮವಾಗಿರಬಹುದು, ಏಕೆಂದರೆ ಅತ್ತ ಒಬ್ಬರು ಬಿದ್ದಾಗ ಇತ್ತ ಇನ್ನೊಬ್ಬರು ಎದ್ದಿರುತ್ತಾರೆ. ವರದಿಯಲ್ಲಿ ಏನೂ ಬದಲಾಗಿಲ್ಲ ಎಂದೇ ಕಾಣುತ್ತದೆ. ಆದರೆ ಆ ರೈತನ ಅರ್ಜಿ ತಿರಸ್ಕೃತವಾಗಿದೆ, ಅದಕ್ಕೆ ಅವನ ಬೆಳೆಯಾಗಲಿ ಸಾಲದ ಇತಿಹಾಸವಾಗಲಿ ಕಾರಣವಲ್ಲ, ಸರ್ವರ್ ಬದಲಾದದ್ದೇ ಕಾರಣ. ಸ್ಥಳಾಂತರದ ಮೌಲ್ಯಮಾಪನವನ್ನು ಸರಾಸರಿ ಅಂಕಿಗಳಲ್ಲಿ ಮುಗಿಸುವುದು ಅನ್ಯಾಯ ಎನ್ನುವುದು ಇದಕ್ಕೇ.

ಅನುಭವಿಗಳು ಅನುಸರಿಸುವ ಕ್ರಮ ಹೀಗಿದೆ. ಸರಿಯುತ್ತರ ಗೊತ್ತಿರುವ ಒಂದಷ್ಟು ದಾಖಲೆಗಳನ್ನು ತರಬೇತಿಗೆ ಸೇರಿಸದೆ ಬೇರೆ ಇಡುತ್ತಾರೆ. ಅವನ್ನು ಹಳೆಯ ಸೇವೆಗೂ ಹೊಸ ಸೇವೆಗೂ ಕಳಿಸಿ ಎರಡೂ ಅಂಕಗಳನ್ನು ಅಕ್ಕಪಕ್ಕದ ಕಾಲಂಗಳಲ್ಲಿ ಇಡುತ್ತಾರೆ. ತೀರ್ಪು ಮಗುಚಿದ ಸಾಲುಗಳನ್ನಷ್ಟೇ ಬೇರ್ಪಡಿಸಿ, ಅವು ಯಾವ ಜಿಲ್ಲೆಯವು, ಯಾವ ವಯಸ್ಸಿನವರವು, ಯಾವ ಬಗೆಯ ಅರ್ಜಿಯವು ಎಂದು ನೋಡುತ್ತಾರೆ. ಮಗುಚಿದವು ಎಲ್ಲ ಕಡೆ ಚದುರಿದ್ದರೆ ಒಂದು ಮಾತು, ಒಂದೇ ಗುಂಪಿನಲ್ಲಿ ಒಟ್ಟಾಗಿದ್ದರೆ ಬೇರೆಯೇ ಮಾತು. ಹಳೆಯ ವೇದಿಕೆ ಜೀವಂತ ಇರುವಾಗ ಮಾತ್ರ ಈ ಹೋಲಿಕೆ ಸಾಧ್ಯ.

ಒಂದು ಆರ್ ಸ್ಕ್ರಿಪ್ಟ್ ಹತ್ತಿರದಿಂದ

ಸಿದ್ಧ ಚೌಕಗಳು ಸಾಲದಾದಾಗ ಸ್ಟುಡಿಯೋದಲ್ಲಿ ಆರ್ ಭಾಷೆಯ ಸ್ವಂತ ಕೋಡ್ ಸೇರಿಸುವ ಒಂದು ಚೌಕವಿತ್ತು. ಹಳೆಯದರಲ್ಲಿ ಸ್ಕ್ರಿಪ್ಟಿನ ಮೊದಲ ಸಾಲು ಮ್ಯಾಪ್‌ಇನ್‌ಪುಟ್‌ಪೋರ್ಟ್ ಎಂಬ ಆದೇಶದಿಂದ ದತ್ತಾಂಶವನ್ನು ಒಳಗೆ ತೆಗೆದುಕೊಳ್ಳುತ್ತಿತ್ತು, ಕೊನೆಯ ಸಾಲು ಮ್ಯಾಪ್‌ಔಟ್‌ಪುಟ್‌ಪೋರ್ಟ್ ಎಂಬ ಆದೇಶದಿಂದ ಹೊರಗೆ ಕಳಿಸುತ್ತಿತ್ತು. ಡಿಸೈನರ್‌ನಲ್ಲಿ ಈ ಎರಡೂ ಆದೇಶಗಳಿಲ್ಲ. ಇಡೀ ಕೋಡನ್ನು ಅಜೂರ್‌ಎಂಎಲ್ ಮೇನ್ ಎಂಬ ಗೊತ್ತಾದ ಹೆಸರಿನ ಫಂಕ್ಷನ್ ಒಳಗೆ ಕೂರಿಸಬೇಕು. ಅದು ಎರಡರವರೆಗೆ ಕೋಷ್ಟಕಗಳನ್ನು ತೆಗೆದುಕೊಂಡು ಫಲಿತಾಂಶವನ್ನು ಒಂದು ಪಟ್ಟಿಯಾಗಿ ಹಿಂದಿರುಗಿಸಬೇಕು.

ಇಷ್ಟನ್ನು ಅರ್ಧ ಗಂಟೆಯಲ್ಲಿ ತಿದ್ದಬಹುದು. ಹೆಚ್ಚು ಹೊತ್ತು ತಿನ್ನುವುದು ಅದರ ಕೆಳಗಿನ ಬದಲಾವಣೆ. ಹಳೆಯ ಸ್ಟುಡಿಯೋದ ಆರ್ ಓಡುತ್ತಿದ್ದದ್ದು ವಿಂಡೋಸ್ ಮೇಲೆ, ಡಿಸೈನರ್‌ನದು ಲಿನಕ್ಸ್ ಮೇಲೆ. ವಿಂಡೋಸ್‌ಗಾಗಿ ಕಟ್ಟಿ ಜಿಪ್ ಮಾಡಿ ಏರಿಸಿದ್ದ ಪ್ಯಾಕೇಜ್‌ಗಳು ಲಿನಕ್ಸ್‌ನಲ್ಲಿ ಏಳುವುದಿಲ್ಲ, ಅವನ್ನು ಹೊಸದಾಗಿ ಅನುಸ್ಥಾಪಿಸಬೇಕು. ಹಿಮ್ಮುಖ ಓರೆಗೆರೆಯ ಕಡತ ದಾರಿಗಳು ಮುರಿಯುತ್ತವೆ. ಕನ್ನಡದಂಥ ಲಿಪಿಗಳಲ್ಲಿ ಕೆಲಸ ಮಾಡುವವರಿಗೆ ಇಲ್ಲೊಂದು ಲಾಭವೂ ಇತ್ತು. 2022ರಲ್ಲಿ ಬಂದ ಆರ್ 4.2 ಆವೃತ್ತಿಯವರೆಗೆ ವಿಂಡೋಸ್‌ನ ಆರ್ ಯುಟಿಎಫ್-8 ಅನ್ನು ತನ್ನ ಮೂಲ ಲಿಪಿಸಂಕೇತವಾಗಿ ಬಳಸುತ್ತಿರಲಿಲ್ಲ. ಕನ್ನಡದ ಊರ ಹೆಸರುಗಳಿದ್ದ ಕೋಷ್ಟಕ ಓದುವಾಗ ಅಕ್ಷರಗಳು ಚೂರಾಗುವ ಕಾಟ ಹಲವರಿಗೆ ಗೊತ್ತು. ಲಿನಕ್ಸ್‌ಗೆ ಹೋದಾಗ ಆ ಕಾಟ ಬಹುಮಟ್ಟಿಗೆ ತೀರುತ್ತದೆ.

ಸೇವೆಯನ್ನು ಕರೆಯುತ್ತಿದ್ದವರು ಯಾರು

ಮಾಡೆಲ್ ಹೊಸ ಮನೆ ಸೇರಿದರೂ ಕೆಲಸ ಮುಗಿಯುವುದಿಲ್ಲ. ವೆಬ್ ಸೇವೆಯ ವಿಳಾಸ ಬದಲಾಗಿದೆ, ಕೀಲಿ ಬದಲಾಗಿದೆ, ಕಳಿಸಬೇಕಾದ ಮನವಿಯ ರೂಪವೂ ಬದಲಾಗಿದೆ. ಹಳೆಯದರಲ್ಲಿ ಕಾಲಂ ಹೆಸರುಗಳನ್ನು ಒಮ್ಮೆ ಪಟ್ಟಿಯಾಗಿ ಕೊಟ್ಟು, ಮೌಲ್ಯಗಳನ್ನು ಅದೇ ಅನುಕ್ರಮದಲ್ಲಿ ಇನ್ನೊಂದು ಪಟ್ಟಿಯಾಗಿ ಕಳಿಸುತ್ತಿದ್ದರು. ಹೊಸದರಲ್ಲಿ ಪ್ರತಿಯೊಂದು ದಾಖಲೆಯೂ ತನ್ನ ಕಾಲಂ ಹೆಸರುಗಳನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ತಕ್ಷಣ ಉತ್ತರ ಕೊಡುವ ಸೇವೆಗೂ ರಾಶಿಗಟ್ಟಲೆ ದಾಖಲೆಗಳನ್ನು ಒಮ್ಮೆಗೇ ನೋಡುವ ಸೇವೆಗೂ ಹೊಸ ವೇದಿಕೆಯಲ್ಲಿ ಬೇರೆ ಬೇರೆ ಬಗೆಯ ಎಂಡ್‌ಪಾಯಿಂಟ್‌ಗಳು, ಅಂದರೆ ಮನವಿ ಸ್ವೀಕರಿಸುವ ವಿಳಾಸಗಳು.

ಇಲ್ಲಿ ನಿಜವಾದ ಕಷ್ಟ ಪತ್ತೇದಾರಿಯದು. ಸ್ಟುಡಿಯೋ ಪ್ರತಿ ವೆಬ್ ಸೇವೆಯ ಜೊತೆ ಎಕ್ಸೆಲ್ ಹಾಳೆಯೊಂದನ್ನೂ ಕೊಡುತ್ತಿತ್ತು. ಹಾಳೆಯ ಒಂದು ಬದಿಯಲ್ಲಿ ವಿವರ ತುಂಬಿದರೆ ಇನ್ನೊಂದು ಬದಿಯಲ್ಲಿ ಮಾಡೆಲ್ ಹೇಳಿದ ಉತ್ತರ ಬರುತ್ತಿತ್ತು. ಆ ಹಾಳೆ ಇಮೇಲ್‌ನಲ್ಲಿ ಕಚೇರಿಯಿಂದ ಕಚೇರಿಗೆ ಹೋಗಿ, ಯಾವ ಪಟ್ಟಿಯಲ್ಲೂ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಕೂತಿರುವುದು ಸಾಮಾನ್ಯ. ಸೇವೆ ನಿಂತ ಮರುದಿನ ಬೆಳಿಗ್ಗೆ ಅಲ್ಲಿಂದ ಮೊದಲ ಫೋನ್ ಬರುತ್ತದೆ. ಹೀಗಾಗಿ ಮುಚ್ಚುವ ದಿನಕ್ಕೆ ತಿಂಗಳುಗಳ ಮೊದಲೇ ಸೇವೆಗೆ ಬರುವ ಕರೆಗಳ ಲೆಕ್ಕ ನೋಡಿ, ಹೊಸದಕ್ಕೆ ದಾಟಿದವರ ಕರೆಗಳನ್ನು ಕಳೆದು, ಉಳಿದದ್ದು ಯಾರದು ಎಂದು ಹುಡುಕುವುದು ಒಳ್ಳೆಯ ತಂಡಗಳ ಪದ್ಧತಿ. ಕೆಲವರು ಹಳೆಯ ಸೇವೆಯನ್ನು ಮುನ್ಸೂಚನೆ ಕೊಟ್ಟು ಕೆಲವು ಗಂಟೆ ನಿಲ್ಲಿಸಿ, ಯಾರು ದೂರು ಕೊಡುತ್ತಾರೆ ನೋಡಿ, ಮತ್ತೆ ಚಾಲೂ ಮಾಡುತ್ತಾರೆ. ಒರಟಾದ ವಿಧಾನ, ಆದರೆ ಕಡತಗಳಲ್ಲಿ ಸಿಗದ ಬಳಕೆದಾರರು ಇದರಿಂದ ಸಿಗುತ್ತಾರೆ.

ಎಐ ಪ್ಲಾಟ್‌ಫಾರ್ಮ್‌ನಿಂದ ವರ್ಟೆಕ್ಸ್ ಎಐಗೆ

ಗೂಗಲ್ 2021ರ ಮೇ 18ರಂದು ತನ್ನ ವಾರ್ಷಿಕ ಐ/ಒ ಸಮಾವೇಶದಲ್ಲಿ ವರ್ಟೆಕ್ಸ್ ಎಐ ಅನ್ನು ಬಿಡುಗಡೆ ಮಾಡಿತು. 2018ರಿಂದ ಬೆಳೆದಿದ್ದ ಆಟೋಎಂಎಲ್ ಸೇವೆಗಳೂ ಎಐ ಪ್ಲಾಟ್‌ಫಾರ್ಮ್ ಕೂಡ ಅದರಲ್ಲಿ ಒಂದಾದವು. ಪ್ರತಿಸ್ಪರ್ಧಿ ವೇದಿಕೆಗಳಿಗಿಂತ ಸುಮಾರು 80% ಕಡಿಮೆ ಸಾಲುಗಳ ಕೋಡ್ ಸಾಕು ಎಂದು ಕಂಪನಿ ಅಂದು ಹೇಳಿಕೊಂಡಿತು. ಆ ಮಾತು ಹೊಸದಾಗಿ ಮಾಡೆಲ್ ಕಟ್ಟುವವರಿಗೆ ಅನ್ವಯಿಸುವಂಥದ್ದು. ಹಳೆಯದನ್ನು ಹೊತ್ತು ಬರುವವರು ಇದ್ದ ಸಾಲುಗಳನ್ನೆಲ್ಲ ಮತ್ತೆ ಓದಬೇಕಿತ್ತು.

ಆದರೂ ಇಲ್ಲಿ ನೆಲ ಗಟ್ಟಿಯಾಗಿತ್ತು. ಎಐ ಪ್ಲಾಟ್‌ಫಾರ್ಮ್‌ನಲ್ಲಿ ತರಬೇತಿಯ ಕೋಡ್ ಬಳಕೆದಾರರೇ ಪೈಥಾನ್‌ನಲ್ಲಿ ಬರೆದದ್ದು. ತರಬೇತಿ ಮುಗಿದ ಮಾಡೆಲ್ ಟೆನ್ಸರ್‌ಫ್ಲೋ, ಸೈಕಿಟ್-ಲರ್ನ್ ಅಥವಾ ಎಕ್ಸ್‌ಜಿಬೂಸ್ಟ್‌ನ ಎಲ್ಲರಿಗೂ ತಿಳಿದ ಕಡತ ರೂಪದಲ್ಲಿ ಅವರದೇ ಕ್ಲೌಡ್ ಸ್ಟೋರೇಜ್ ಬಕೆಟ್‌ನಲ್ಲಿ ಇರುತ್ತಿತ್ತು. ಮರುತರಬೇತಿ ಇಲ್ಲದೆ ಅದೇ ಕಡತವನ್ನು ವರ್ಟೆಕ್ಸ್‌ಗೆ ತೋರಿಸಿ, ಹೊಂದುವ ಕಂಟೈನರ್, ಅಂದರೆ ಮಾಡೆಲ್ ಓಡಲು ಬೇಕಾದ ತಂತ್ರಾಂಶದ ಕಟ್ಟು, ಯಾವುದೆಂದು ಹೇಳಿದರೆ ಆಯಿತು. ಎಚ್ಚರ ಬೇಕಾದದ್ದು ಆವೃತ್ತಿಗಳಲ್ಲಿ. ಸೈಕಿಟ್-ಲರ್ನ್ ಮಾಡೆಲ್‌ಗಳನ್ನು ಸಾಮಾನ್ಯವಾಗಿ ಪಿಕಲ್ ಕಡತವಾಗಿ ಉಳಿಸುತ್ತಾರೆ. ಉಳಿಸಿದಾಗಿನ ಸೈಕಿಟ್-ಲರ್ನ್ ಆವೃತ್ತಿ ಬೇರೆ, ತೆರೆಯುವಾಗಿನದು ಬೇರೆ ಆದರೆ ಅದು ತೆರೆಯದೇ ಹೋಗಬಹುದು. ತೆರೆದೂ ತಪ್ಪು ಉತ್ತರ ಕೊಟ್ಟರೆ ಇನ್ನೂ ಕೆಟ್ಟದ್ದು. ಹಳೆಯ ಆವೃತ್ತಿಗೆ ಸಿದ್ಧ ಕಂಟೈನರ್ ಸಿಗದಿದ್ದಾಗ ಸ್ವಂತ ಕಂಟೈನರ್ ಕಟ್ಟುವ ದಾರಿ ಇತ್ತು.

ವ್ಯವಸ್ಥೆಯ ಅಂಗಗಳೂ ಬೇರೆಯಾದವು. ಹಳೆಯದರಲ್ಲಿ ಮಾಡೆಲ್ ಒಂದಕ್ಕೆ ಹಲವು ವರ್ಷನ್‌ಗಳು, ಅವುಗಳಲ್ಲಿ ಒಂದು ಡೀಫಾಲ್ಟ್, ಬಂದ ಮನವಿಗಳೆಲ್ಲ ಅದಕ್ಕೇ. ವರ್ಟೆಕ್ಸ್‌ನಲ್ಲಿ ಮಾಡೆಲ್ ಬೇರೆ, ಮನವಿ ಸ್ವೀಕರಿಸುವ ಎಂಡ್‌ಪಾಯಿಂಟ್ ಬೇರೆ. ಒಂದು ಎಂಡ್‌ಪಾಯಿಂಟ್‌ಗೆ ಎರಡು ಮಾಡೆಲ್ ಜೋಡಿಸಿ, ನೂರರಲ್ಲಿ ತೊಂಬತ್ತು ಮನವಿಗಳನ್ನು ಒಂದಕ್ಕೂ ಹತ್ತನ್ನು ಇನ್ನೊಂದಕ್ಕೂ ಕಳಿಸಬಹುದು. ಹೊಸ ಮಾಡೆಲ್‌ನ ಪಾಲನ್ನು ದಿನದಿನಕ್ಕೆ ಹೆಚ್ಚಿಸುತ್ತ ಹೋಗಲು ಇದು ಹೇಳಿ ಮಾಡಿಸಿದ ಏರ್ಪಾಡು. ತರಬೇತಿಯ ಯಂತ್ರಗಳನ್ನು ಹಳೆಯದರಲ್ಲಿ ಬೇಸಿಕ್, ಸ್ಟ್ಯಾಂಡರ್ಡ್, ಪ್ರೀಮಿಯಂ ಎಂಬ ಸಿದ್ಧ ಶ್ರೇಣಿಗಳಿಂದ ಆರಿಸುತ್ತಿದ್ದರು. ಹೊಸದರಲ್ಲಿ ಯಂತ್ರದ ಬಗೆ, ಎಷ್ಟು ಯಂತ್ರ ಎಂದು ಪ್ರತಿ ಗುಂಪಿಗೂ ಬರೆದು ಹೇಳಬೇಕು. ಆದೇಶಗಳ ಹೆಸರು, ಅನುಮತಿಗಳ ಹೆಸರು, ಎಪಿಐ ವಿಳಾಸ ಎಲ್ಲವೂ ಬದಲಾದವು.

ಬಿಲ್ಲಿನಲ್ಲಿ ಕಂಡ ಬದಲಾವಣೆ

ಗೂಗಲ್ ಪ್ರಕರಣದಲ್ಲಿ ಸಣ್ಣ ತಂಡಗಳಿಗೆ ನಿಜವಾಗಿ ನೋವು ಕೊಟ್ಟದ್ದು ಕೋಡ್ ಅಲ್ಲ, ಖರ್ಚು. ಎಐ ಪ್ಲಾಟ್‌ಫಾರ್ಮ್‌ನಲ್ಲಿ ಒಂದು ಕೋರ್, 2 ಜಿಬಿ ಮೆಮೊರಿಯ ಪುಟ್ಟ ಯಂತ್ರದ ಬಗೆಯೊಂದಿತ್ತು. ಮನವಿಗಳು ಬಾರದ ಹೊತ್ತಿನಲ್ಲಿ ಅದು ಸೊನ್ನೆಗೆ ಇಳಿಯುತ್ತಿತ್ತು, ಅಂದರೆ ಯಂತ್ರವೇ ನಿಂತು ಬಿಲ್ಲೂ ನಿಲ್ಲುತ್ತಿತ್ತು. ಮತ್ತೆ ಮನವಿ ಬಂದಾಗ ಏಳಲು ಸ್ವಲ್ಪ ತಡವಾದರೂ, ದಿನಕ್ಕೆ ಹತ್ತಿಪ್ಪತ್ತು ಮನವಿ ಬರುವ ಸೇವೆಗೆ ಅದು ಸಾಕಾಗಿತ್ತು. ವರ್ಟೆಕ್ಸ್‌ನ ಆರಂಭದ ವರ್ಷಗಳಲ್ಲಿ ಆ ಬಗೆಯ ಯಂತ್ರ ಇರಲಿಲ್ಲ, ಎಂಡ್‌ಪಾಯಿಂಟ್‌ನಲ್ಲಿ ಕನಿಷ್ಠ ಒಂದು ಯಂತ್ರ ಸದಾ ಎಚ್ಚರವಾಗಿರಬೇಕಿತ್ತು. 30 ದಿನದ ತಿಂಗಳಿಗೆ 720 ಗಂಟೆಯ ಬಾಡಿಗೆ, ಯಾರು ಬಂದರೂ ಬಾರದಿದ್ದರೂ. ದೊಡ್ಡ ಬ್ಯಾಂಕಿಗೆ ಇದು ಲೆಕ್ಕಕ್ಕೇ ಬಾರದ ಮೊತ್ತ. ಸಂಶೋಧನಾ ವಿದ್ಯಾರ್ಥಿಗೋ ಸ್ವಯಂಸೇವಾ ಸಂಸ್ಥೆಗೋ ಅದು ಸೇವೆ ಉಳಿಸುವುದೋ ಬಿಡುವುದೋ ಎಂಬ ಪ್ರಶ್ನೆ.

ಇದಕ್ಕೆ ಕಂಡುಕೊಂಡ ದಾರಿಗಳು ಎರಡು. ತಕ್ಷಣದ ಉತ್ತರ ಅಗತ್ಯವಿಲ್ಲದ ಕಡೆ ಮನವಿಗಳನ್ನು ಕೂಡಿಹಾಕಿ ದಿನಕ್ಕೊಮ್ಮೆ ಬ್ಯಾಚ್ ಆಗಿ ಓಡಿಸುವುದು ಒಂದು. ವರ್ಟೆಕ್ಸ್‌ನ ಬ್ಯಾಚ್ ಸೇವೆ ಗೂಗಲ್‌ನ ದತ್ತಾಂಶ ಭಂಡಾರವಾದ ಬಿಗ್‌ಕ್ವೆರಿಯ ಕೋಷ್ಟಕದಿಂದ ನೇರವಾಗಿ ಓದಬಲ್ಲದ್ದರಿಂದ ಇದು ಸುಲಭವೂ ಆಯಿತು. ಮಾಡೆಲನ್ನು ಕಂಟೈನರ್‌ಗೆ ಹಾಕಿ, ಸೊನ್ನೆಗೆ ಇಳಿಯಬಲ್ಲ ಕ್ಲೌಡ್ ರನ್ ಸೇವೆಯಲ್ಲಿ ಇಡುವುದು ಇನ್ನೊಂದು. ಎರಡನೆಯ ದಾರಿ ಹಿಡಿದವರು ಗೂಗಲ್ ಸೂಚಿಸಿದ ಉತ್ತರಾಧಿಕಾರಿ ವೇದಿಕೆಯನ್ನು ಅರ್ಧಕ್ಕೇ ಬಿಟ್ಟಂತಾಯಿತು. ಆದರೆ ಒಮ್ಮೆ ಕಂಟೈನರ್ ಆದ ಮಾಡೆಲ್ ಯಾವ ಕಂಪನಿಯ ಕ್ಲೌಡ್‌ನಲ್ಲಾದರೂ ಓಡುತ್ತದೆ. ಮುಂದಿನ ಸ್ಥಳಾಂತರದ ಬಹುಪಾಲು ಕೆಲಸ ಅವರಿಗೆ ಆಗಲೇ ಮುಗಿದಿತ್ತು.

ಅಮೆಜಾನ್ ಮತ್ತು ಇತರರು

ಅಮೆಜಾನ್‌ನ 2015ರ ಸೇವೆ ಎರಡು ವರ್ಗಗಳ ವಿಂಗಡಣೆ, ಹಲವು ವರ್ಗಗಳ ವಿಂಗಡಣೆ, ಸಂಖ್ಯೆಯ ಅಂದಾಜು, ಈ ಮೂರನ್ನಷ್ಟೇ ಮಾಡುತ್ತಿತ್ತು. ಮಾಡೆಲ್ ಹೊರತೆಗೆಯಲು ಬಿಡುತ್ತಿರಲಿಲ್ಲ. 2017ರ ನವೆಂಬರ್‌ನಲ್ಲಿ ಸೇಜ್‌ಮೇಕರ್ ಬಂದ ಮೇಲೆ ಹಳೆಯದು ಹೊಸ ಬಳಕೆದಾರರಿಗೆ ಬಾಗಿಲು ಮುಚ್ಚಿಕೊಂಡು ಮೂಲೆಗೆ ಸರಿಯಿತು. ಸೇಜ್‌ಮೇಕರ್ ಕೂಡ 2024ರ ಡಿಸೆಂಬರ್‌ನಲ್ಲಿ ಸೇಜ್‌ಮೇಕರ್ ಎಐ ಆಯಿತು. ಐಬಿಎಂ ತನ್ನ ಡೇಟಾ ಸೈನ್ಸ್ ಎಕ್ಸ್‌ಪೀರಿಯೆನ್ಸ್ ಅನ್ನು 2018ರಲ್ಲಿ ವಾಟ್ಸನ್ ಸ್ಟುಡಿಯೋ ಎಂದು ಬದಲಿಸಿತು.

ಹೊಲದ ಮೇಲಿನ ಮಾಡೆಲ್‌ಗಳು

ಭಾರತದಲ್ಲಿ ಈ ಮೊದಲ ತಲೆಮಾರಿನ ಕ್ಲೌಡ್ ಎಐ ಸಾಧನಗಳು ಬೇಗನೆ ತಲುಪಿದ ಕ್ಷೇತ್ರ ಕೃಷಿ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ ಮತ್ತು ಮೈಕ್ರೋಸಾಫ್ಟ್ 2016ರ ಮುಂಗಾರಿನಲ್ಲಿ ಕರ್ನೂಲು ಜಿಲ್ಲೆಯ ದೇವನಕೊಂಡ ಮಂಡಲದ 175 ರೈತರಿಗೆ ಬಿತ್ತನೆಯ ಸಲಹೆಯನ್ನು ತೆಲುಗಿನ ಎಸ್ಎಂಎಸ್ ಮೂಲಕ ಕಳಿಸಿದವು. ಮೂರು ದಶಕಗಳ ಹವಾಮಾನ ದಾಖಲೆಯನ್ನು ಮೈಕ್ರೋಸಾಫ್ಟ್‌ನ ಅಂದಿನ ಕಾರ್ಟಾನಾ ಇಂಟೆಲಿಜೆನ್ಸ್ ಸೂಟ್‌ನಲ್ಲಿ ವಿಶ್ಲೇಷಿಸಿ ಬಿತ್ತನೆಯ ವಾರವನ್ನು ಅಂದಾಜಿಸಿದ್ದರು. ಮರುವರ್ಷ ಆಂಧ್ರ ಮತ್ತು ಕರ್ನಾಟಕಗಳಲ್ಲಿ ಶೇಂಗಾ, ರಾಗಿ, ಮೆಕ್ಕೆಜೋಳ, ಭತ್ತ, ಹತ್ತಿ ಬೆಳೆಯುವ 3,000ಕ್ಕೂ ಹೆಚ್ಚು ರೈತರಿಗೆ ಅದು ವಿಸ್ತರಿಸಿತು. 2017ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರ ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಿತು. ರಾಜ್ಯ ಕೃಷಿ ಬೆಲೆ ಆಯೋಗಕ್ಕೆ ಬೆಲೆ ಮುನ್ನಂದಾಜಿನ ಮಾಡೆಲ್ ರೂಪಿಸಲು ಮೊದಲಿಗೆ ಆಯ್ದುಕೊಂಡದ್ದು ತೊಗರಿಯನ್ನು.

ಕಾರ್ಟಾನಾ ಇಂಟೆಲಿಜೆನ್ಸ್ ಸೂಟ್ ಎಂಬ ಹೆಸರು ಈಗ ಮಾರುಕಟ್ಟೆಯಲ್ಲಿ ಇಲ್ಲ. ಬಿತ್ತನೆಯ ಸಲಹೆಯಾಗಲಿ ತೊಗರಿಯ ಬೆಲೆಯಾಗಲಿ ಒಮ್ಮೆ ಕಟ್ಟಿ ಮುಗಿಸುವ ಮಾಡೆಲ್ ಅಲ್ಲ. ಮಳೆಯ ಹಾಗೂ ಮಾರುಕಟ್ಟೆಯ ಹೊಸ ಅಂಕಿಗಳೊಂದಿಗೆ ಹಂಗಾಮಿಗೊಮ್ಮೆ ಅದಕ್ಕೆ ಮರುತರಬೇತಿ ಬೇಕು. ಸರ್ಕಾರದ ಯೋಜನೆಯೊಂದು ಹತ್ತು ವರ್ಷ ನಡೆಯಬೇಕಾದರೆ ಅದರ ಕೆಳಗಿನ ವೇದಿಕೆ ಆ ಅವಧಿಯಲ್ಲಿ ಎರಡು ಬಾರಿಯಾದರೂ ಬದಲಾಗುತ್ತದೆ ಎಂದೇ ಎಣಿಸಬೇಕು. ಟೆಂಡರ್ ಬರೆಯುವಾಗಲೇ ಮೂಲ ದತ್ತಾಂಶ, ತರಬೇತಿಯ ಕೋಡ್, ಮುಕ್ತ ರೂಪದ ಮಾಡೆಲ್ ಕಡತ, ಪರೀಕ್ಷೆಯ ದಾಖಲೆಗಳು ಇಲಾಖೆಯ ವಶದಲ್ಲಿ ಇರಬೇಕೆಂದು ಷರತ್ತು ಹಾಕಿದರೆ ಮಾತ್ರ ಸಾರ್ವಜನಿಕ ಹಣದ ಕೆಲಸ ಉಳಿಯುತ್ತದೆ.

ಜನರೇಟಿವ್ ಎಐ ತಂದ ಹೊಸ ಬಗೆ

2023ರ ನಂತರ ಸ್ಥಳಾಂತರದ ಸ್ವರೂಪವೇ ಬೇರೆಯಾಯಿತು. ದೊಡ್ಡ ಭಾಷಾ ಮಾಡೆಲ್‌ಗಳನ್ನು ಬಳಸುವವರು ಮಾಡೆಲ್ ಕಟ್ಟುವುದೇ ಇಲ್ಲ, ಕಂಪನಿಯ ಮಾಡೆಲನ್ನು ಎಪಿಐ ಮೂಲಕ ಕರೆಯುತ್ತಾರೆ. ಬದಲಾವಣೆಯ ವೇಗವೂ ಏರಿತು. ಮೈಕ್ರೋಸಾಫ್ಟ್ 2023ರ ನವೆಂಬರ್‌ನಲ್ಲಿ ತೋರಿಸಿದ ಅಜೂರ್ ಎಐ ಸ್ಟುಡಿಯೋ ಒಂದೇ ವರ್ಷದಲ್ಲಿ ಅಜೂರ್ ಎಐ ಫೌಂಡ್ರಿ ಆಯಿತು, 2025ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಫೌಂಡ್ರಿ ಆಯಿತು. ಗೂಗಲ್ ತನ್ನ ವರ್ಟೆಕ್ಸ್ ಎಐ ಎಸ್‌ಡಿಕೆಯ (ಕೋಡ್ ಬರೆಯುವವರಿಗೆ ಕೊಡುವ ಸಾಧನಗಳ ಕಟ್ಟಿನ) ಜನರೇಟಿವ್ ಎಐ ಭಾಗವನ್ನು 2025ರ ಜೂನ್ 24ರಂದು ನಿವೃತ್ತಿಯ ಹಾದಿಗೆ ಹಾಕಿ, 2026ರ ಜೂನ್ 24ನ್ನು ತೆಗೆದುಹಾಕುವ ದಿನವಾಗಿ ಗೊತ್ತುಮಾಡಿ, ಗೂಗಲ್ ಜೆನ್ ಎಐ ಎಸ್‌ಡಿಕೆಗೆ ಹೋಗಲು ಹೇಳಿತು. ಸ್ಟುಡಿಯೋ ಕ್ಲಾಸಿಕ್‌ಗೆ ಸಿಕ್ಕ ಮೂರು ವರ್ಷ ಇಲ್ಲಿ ಒಂದಕ್ಕೆ ಇಳಿದಿದೆ.

ಕೋಡ್ ತಿದ್ದುವುದು ಇಲ್ಲಿ ಸಣ್ಣ ಪಾಲು. ಹುಡುಕಾಟಕ್ಕಾಗಿ ಬರಹಗಳನ್ನು ಸಂಖ್ಯೆಗಳ ಸಾಲಾಗಿ ಮಾರ್ಪಡಿಸುವ ಎಂಬೆಡಿಂಗ್ ಮಾಡೆಲ್‌ಗಳಲ್ಲಿ ಹೊರೆ ದೊಡ್ಡದು. ಗೂಗಲ್‌ನ ಹಳೆಯ ಗೆಕ್ಕೋ ಎಂಬೆಡಿಂಗ್ ಪ್ರತಿ ಬರಹಕ್ಕೆ 768 ಸಂಖ್ಯೆ ಕೊಡುತ್ತಿತ್ತು, ನಂತರದ ಜೆಮಿನಿ ಎಂಬೆಡಿಂಗ್ ಸಾಮಾನ್ಯವಾಗಿ 3072 ಕೊಡುತ್ತದೆ. ಉದ್ದ ಒಂದೇ ಇದ್ದರೂ ಎರಡು ಮಾಡೆಲ್‌ಗಳ ಸಂಖ್ಯೆಗಳನ್ನು ಹೋಲಿಸುವುದು ಒಂದು ಊರಿನ ಸರ್ವೆ ನಂಬರನ್ನು ಇನ್ನೊಂದು ಊರಿನ ನಕ್ಷೆಯಲ್ಲಿ ಹುಡುಕಿದಂತೆ. ಹೀಗಾಗಿ ಸಂಗ್ರಹದ ಪ್ರತಿ ಬರಹವನ್ನೂ ಹೊಸ ಮಾಡೆಲ್‌ಗೆ ಮತ್ತೆ ಕೊಡಲೇಬೇಕು. ಸಂಖ್ಯೆಗಳನ್ನಷ್ಟೇ ಉಳಿಸಿಕೊಂಡು ಮೂಲ ಬರಹ ಬಿಟ್ಟವರು ಇಲ್ಲಿಯೂ ಸಿಕ್ಕಿಬೀಳುತ್ತಾರೆ.

ಕನ್ನಡದಲ್ಲಿ ಸೇವೆ ನಡೆಸುವವರು ಗಮನಿಸಬೇಕಾದ ಇನ್ನೊಂದು ಅಂಶ ಟೋಕನ್. ಭಾಷಾ ಮಾಡೆಲ್ ಬರಹವನ್ನು ಟೋಕನ್ ಎಂಬ ತುಂಡುಗಳಾಗಿ ಒಡೆದು ಓದುತ್ತದೆ, ಬಿಲ್ಲೂ ಆ ತುಂಡುಗಳ ಲೆಕ್ಕದಲ್ಲೇ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಸಂಕೇತಕ್ಕೆ 3 ಬೈಟ್ ಬೇಕು. ಕನ್ನಡ ಕಡಿಮೆ ಕಂಡ ಟೋಕನೈಜರ್ ಒಂದು ಪದವನ್ನು ಹತ್ತಾರು ಚೂರು ಮಾಡುತ್ತದೆ. 2024ರ ಮೇ ತಿಂಗಳಲ್ಲಿ ಜಿಪಿಟಿ-4ಒ ಬಂದಾಗ ಓಪನ್‌ಎಐ ಹೊಸ ಟೋಕನೈಜರ್‌ನ ಹೋಲಿಕೆ ಪ್ರಕಟಿಸಿತು. ಅದರ ಉದಾಹರಣೆ ವಾಕ್ಯದಲ್ಲಿ ತೆಲುಗಿಗೆ 3.5 ಪಟ್ಟು, ತಮಿಳಿಗೆ 3.3 ಪಟ್ಟು ಕಡಿಮೆ ಟೋಕನ್ ಸಾಕಾಗಿತ್ತು. ಆ ಪಟ್ಟಿಯ 20 ಭಾಷೆಗಳಲ್ಲಿ ಕನ್ನಡ ಇರಲಿಲ್ಲ. ಇಂಥ ಬದಲಾವಣೆಯಲ್ಲಿ ಖರ್ಚು ತಗ್ಗುವುದರ ಜೊತೆಗೆ ಉತ್ತರದ ಉದ್ದಕ್ಕೆ ಟೋಕನ್ ಲೆಕ್ಕದಲ್ಲಿ ಹಾಕಿದ್ದ ಮಿತಿಗಳೂ, ಬರಹವನ್ನು ತುಂಡು ಮಾಡುವ ಅಳತೆಗಳೂ ಅರ್ಥ ಕಳೆದುಕೊಳ್ಳುತ್ತವೆ.

ಕಂಪನಿಗಳ ಕೋಷ್ಟಕದಲ್ಲಿ ಕನ್ನಡ ಇಲ್ಲದಿದ್ದಾಗ ಅಳತೆಯನ್ನು ಇಲ್ಲಿನವರೇ ಮಾಡಬೇಕಾಗುತ್ತದೆ. ಸೇವೆಗೆ ನಿಜವಾಗಿ ಬಂದ ಪ್ರಶ್ನೆಗಳಿಂದ ಆಯ್ದು, ಹೆಸರು, ಫೋನ್ ನಂಬರುಗಳನ್ನು ತೆಗೆದು, ಕಲಬುರಗಿಯ ಮಾತು, ಮಂಗಳೂರಿನ ಮಾತು, ಇಂಗ್ಲಿಷ್ ಬೆರೆತ ಬೆಂಗಳೂರಿನ ಮಾತು, ರೋಮನ್ ಲಿಪಿಯಲ್ಲಿ ಬರೆದ ಕನ್ನಡ ಎಲ್ಲವೂ ಇರುವ ಒಂದು ಪರೀಕ್ಷಾ ಕಟ್ಟನ್ನು ಮಾಡಿಟ್ಟುಕೊಂಡ ತಂಡಗಳು, ಹೊಸ ಮಾಡೆಲ್ ಪ್ರಕಟವಾದ ದಿನವೇ ಹಳೆಯದರ ಉತ್ತರವನ್ನೂ ಹೊಸದರದ್ದನ್ನೂ ಅಕ್ಕಪಕ್ಕ ಇಟ್ಟು ಕನ್ನಡ ಬಲ್ಲವರಿಂದ ಓದಿಸುತ್ತವೆ. ಉಳಿದವರಿಗೆ ಗುಣಮಟ್ಟ ಕುಸಿದದ್ದು ಬಳಕೆದಾರರ ದೂರಿನಿಂದಲೇ ತಿಳಿಯುತ್ತದೆ.